ಗೋಕರ್ಣದಲ್ಲಿ ಬೆರಳಿಗೆ ಸಿಕ್ಕ ತಂಪು

ನಮ್ಮ ಆಯಿ ಸಮುದ್ರ ನೋಡಿದವಳಲ್ಲ. ಅವಳು ಕಂಡ ದೊಡ್ಡ ನೀರು ಅಂದ್ರೆ ಕಲಬುರಗಿಯ ಅಪ್ಪನ ಕೆರೆ. ಆದರೂ ಬೇಸಿಗೆ ರಾತ್ರಿ ಮಾಳಿಗೆ ಮೇಲೆ ನಮ್ಮನ್ನು ಮಲಗಿಸಿಕೊಂಡು ಶಿವನ ಆತ್ಮಲಿಂಗ ಹೊತ್ತು ಲಂಕೆಗೆ ಹೊರಟ ರಾವಣನ ಕಥೆ ಹೇಳುವಾಗ ಮುಳುಗೋ ಸೂರ್ಯ, ಸಂಧ್ಯಾವಂದನೆಯ ಅವಸರ, ದನ ಕಾಯೋ ಹುಡುಗನ ವೇಷದ ಗಣಪ, ಎಲ್ಲಾ ಕಣ್ಣ ಮುಂದೆ ತಂದು ನಿಲ್ಲಿಸುತ್ತಿದ್ದಳು. "ಮೂರು ಸಲ ಕೂಗ್ತೀನಿ, ಬರ್ಲಿಲ್ಲಂದ್ರ ನೆಲಕ್ಕ ಇಟ್ಟುಬಿಡ್ತೀನಿ" ಅಂತ ಗಣಪನ ದನಿಯಲ್ಲಿ ಹೇಳಿ, ಮೂರೂ ಸಲ ತಾನೇ ಕೂಗುವಳು. ಮೂರನೇ ಕೂಗಿಗೆ ನಾವು ಚಾದರದೊಳಗೆ ಉಸಿರು ಬಿಗಿಹಿಡಿಯುತ್ತಿದ್ದೆವು.

ಒಮ್ಮೆ ಆ ಆತ್ಮಲಿಂಗ ಮುಟ್ಟಬೇಕು ಅಂತ ಅವಳ ಹರಕೆ ಇತ್ತು. ಆಗಲೇ ಇಲ್ಲ. ಈ ಸಲ ನಾನು ಹೋಗಿ ಬಂದೆ.

ಸಮುದ್ರ ಸ್ನಾನ, ಕೋಟಿತೀರ್ಥ, ಆಮೇಲೆ ಗಣಪ. ಎರಡೇ ಕೈಯ, ನಿಂತ ಗಣಪ. ರಾವಣ ಸಿಟ್ಟಿಗೆ ಗುದ್ದಿದ ಗುಳಿ ನೆತ್ತಿ ಮೇಲೆ ಇನ್ನೂ ಇದೆ. ಗೋಕರ್ಣ ಅನ್ನೋ ಹೆಸರಿಗೂ ಒಂದೇ ಕಥೆಯಿಲ್ಲ. ಭೂಮಿಯೆಂಬ ಗೋವಿನ ಕಿವಿಯಿಂದ ಶಿವ ಹೊರಬಂದ ಅಂತಾರೆ. ಗಂಗಾವಳಿ, ಅಘನಾಶಿನಿ ನದಿಗಳ ನಡುವಿನ ಈ ನೆಲವೇ ಕಿವಿಯ ಆಕಾರ ಅಂತಾರೆ. ಆಯಿ ಹೇಳಿದ್ದು ಬೇರೆ: ರಾವಣ ಎಳೆದ ರಭಸಕ್ಕೆ ಲಿಂಗವೇ ತಿರುಚಿ ಗೋವಿನ ಕಿವಿಯಂತಾಯಿತು. ನನಗೆ ಅದೇ ಸಾಕು.

ಮಹಾಬಲೇಶ್ವರನ ಗರ್ಭಗುಡಿಯಲ್ಲಿ ಲಿಂಗ ಎದ್ದು ಕಾಣುವುದಿಲ್ಲ. ಪೀಠದ ಸಣ್ಣ ರಂಧ್ರದೊಳಗೆ ಬೆರಳು ಇಳಿಸಿದೆ. ನೀರು, ಬಿಲ್ವದ ಎಲೆ, ಅದರ ಕೆಳಗೆ ಕಲ್ಲು. ಎಷ್ಟು ತಣ್ಣಗಿತ್ತು ಅಂದ್ರೆ! ಶಹಾಬಾದ್ ಪರಸಿ ಮೇಲೆ ಬೇಸಿಗೆಯಲ್ಲಿ ಕಾಲಿಟ್ಟರೆ ಸುಡುವ ಊರಿನವಳು ನಾನು, ಕಲ್ಲು ಇಷ್ಟು ತಂಪಾಗಿರಬಹುದು ಅಂತಲೇ ಗೊತ್ತಿರಲಿಲ್ಲ. ಒಂದೇ ಕ್ಷಣ ಅಷ್ಟೇ, ಹಿಂದಿನವರು ಕಾಯುತ್ತಿದ್ದರು, ಆದರೆ ಆ ತಂಪು ಮೊಣಕೈವರೆಗೂ ಹತ್ತಿತು. ಕಣ್ಣೀರು ತಡೆಯಲಾಗಲಿಲ್ಲ.

ಹೊರಗೆ ಬಂದರೆ ನಮ್ಮ ಕಡೆಯ ಹುಡುಗರೇ ಸಿಕ್ಕರು. ಓಂ ಬೀಚ್, ಕುಡ್ಲೆ ಎರಡೂ ನೋಡಿದ್ದರು. ಗುಡಿಗೆ ಹೋದ್ರಾ ಅಂದೆ, ಟೈಮ್ ಆಗಲಿಲ್ಲ ಅಂದರು. ಬೀಚ್ ನೋಡಿ, ಬೇಡ ಅನ್ನಲ್ಲ. ಓಂ ಆಕಾರದ ದಂಡೆಯೂ ಅವನದೇ ಅಲ್ವಾ? ಆದರೆ ಅಷ್ಟು ದೂರ ಬಂದು ಅವನನ್ನೇ ಮಾತಾಡಿಸದೆ ಹೋಗೋದಾ? ಮರುದಿನ ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮುಂದೆ ನಿಂತಾಗಲೂ ನನಗೆ ನೆನಪಾದದ್ದು ಪೀಠದೊಳಗಿನ ಆ ಪುಟ್ಟ ಕಲ್ಲೇ.

ಮನೆಗೆ ಬಂದ ಮೇಲೆ ಕಾಲು ತೊಳೆದು, ಆಯಿಯ ಫೋಟೋಗೆ ವಿಭೂತಿ ಹಚ್ಚಿದೆ, ಅದೇ ಬೆರಳಿನಿಂದ.