ಮಣ್ಣು ಕಾಯುವವರಿಗೆ ಸಂಬಳ ಎಷ್ಟು?

"ಸಭೆಗೆ ಬಂದು ಕೂತರೆ ಆ ಹೊತ್ತಿನ ನನ್ನ ಕೆಲಸ ಯಾರು ಮಾಡ್ತಾರೆ?" ಶನಿವಾರದಿಂದ ಈ ಮಾತು ತಲೆಯಿಂದ ಇಳಿಯುತ್ತಲೇ ಇಲ್ಲ.

ಸಿಯಾಟಲ್ ಇರುವ ನಮ್ಮ ಕಿಂಗ್ ಕೌಂಟಿಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಕನ್ಸರ್ವೇಶನ್ ಡಿಸ್ಟ್ರಿಕ್ಟ್‌ನವರು, ಅಂದರೆ ಮಣ್ಣು-ನೀರು ಕಾಯೋಕೆ ಇರುವ ಸ್ಥಳೀಯ ಸರ್ಕಾರಿ ಸಂಸ್ಥೆಯವರು, ಇಲ್ಲಿನ ಕಾಡುಗಿಡಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಕುಂಡ ಇಲ್ಲ, ಮಣ್ಣಿಲ್ಲ, ಬರೀ ಬೇರಿನ ಸಸಿಗಳು. ನನಗೆ ಸೀಡರ್ ಸಸಿಗಳ ಕಂತೆ ಕೊಟ್ಟವರು ಎಪ್ಪತ್ತರ ಆಸುಪಾಸಿನ ಹಿರಿಯರು. ಬೇರಿಗೆ ಒದ್ದೆ ಮರದ ಹೊಟ್ಟು ಮೆತ್ತಿ, ಪ್ಲಾಸ್ಟಿಕ್ ಸುತ್ತಿ, "ಇವತ್ತೇ ನೆಡಿ, ನಾಳೆಗೆ ಇಡಬೇಡಿ" ಅಂತ ಎರಡೆರಡು ಸಲ ಹೇಳಿದರು. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಮಣ್ಣು. ಮಾತಾಡುತ್ತಾ ಗೊತ್ತಾಯಿತು, ಅವರು ಸೂಪರ್‌ವೈಸರ್. ಅಂದರೆ ಆ ಡಿಸ್ಟ್ರಿಕ್ಟ್ ನಡೆಸುವ ಮಂಡಳಿಯ ಸದಸ್ಯರು, ಬಜೆಟ್ಟಿಗೆ ಒಪ್ಪಿಗೆ ಕೊಡುವವರು.

"ಇದಕ್ಕೆ ಎಷ್ಟು ಕೊಡ್ತಾರೆ?" ಅಂತ ನೇರವಾಗಿಯೇ ಕೇಳಿದೆ.

"ಏನೂ ಇಲ್ಲ. ಓಡಾಟದ ಖರ್ಚು ಕೇಳಿದರೆ ಕೊಡ್ತಾರೆ. ನಾನು ಕೇಳೋದಿಲ್ಲ."

ಮನಸ್ಸು ತುಂಬಿ ಬಂತು. ನನ್ನ ಹಿಂದೆ ನಿಂತಿದ್ದ ಹುಡುಗಿ ಅವರಿಗೆ ಮೊದಲೇ ಪರಿಚಯ. ಗುತ್ತಿಗೆ ಜಮೀನಿನಲ್ಲಿ ಹೂವು, ತರಕಾರಿ ಬೆಳೆದು ಸಂತೆಯಲ್ಲಿ ಮಾರುವವಳು. "ನೀನು ಈ ಸಲ ಚುನಾವಣೆಗೆ ನಿಲ್ಲಬೇಕಿತ್ತು" ಅಂದರು ಅವರು, ತುಂಬಾ ಪ್ರೀತಿಯಿಂದಲೇ. ಆಗ ಅವಳು ಆ ಮಾತು ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಹಿರಿಯರು ಏನೂ ಹೇಳದೆ ಇನ್ನೊಂದು ಕಂತೆ ಸುತ್ತೋದಕ್ಕೆ ಶುರು ಮಾಡಿದರು.

ಮನೆಗೆ ಬಂದವಳೇ ಈ ಡಿಸ್ಟ್ರಿಕ್ಟ್‌ಗಳು ಹೇಗೆ ಹುಟ್ಟಿದವು ಅಂತ ಓದೋಕೆ ಕೂತೆ. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯ ಮೇಲ್ಮಣ್ಣೆಲ್ಲ ಗಾಳಿಗೆ ಎದ್ದು ಆಕಾಶ ಕಪ್ಪಾಗಿದ್ದ ಕಾಲ. ಹ್ಯೂ ಬೆನೆಟ್ ಅನ್ನುವ ವಿಜ್ಞಾನಿ ಹಟ ಹಿಡಿದು ಹೋರಾಡಿದರು, 1935ರಲ್ಲಿ ಮಣ್ಣಿನ ಕಾನೂನು ಬಂತು. ಆದರೆ ವಾಷಿಂಗ್ಟನ್ ಡಿಸಿಯಿಂದ ಬಂದ ಅಧಿಕಾರಿ ಹೇಳಿದರೆ ರೈತ ಕೇಳಬೇಕಲ್ಲ. ಹಾಗಾಗಿ 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಎಲ್ಲ ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದು, ಊರವರೇ ನಡೆಸುವ ಡಿಸ್ಟ್ರಿಕ್ಟ್‌ಗಳನ್ನು ಮಾಡಿ ಅಂದರು. ಅದೇ ವರ್ಷ ಮೊದಲನೆಯದು ನಾರ್ತ್ ಕೆರೊಲಿನಾದಲ್ಲಿ, ಬೆನೆಟ್ ಅವರ ಹುಟ್ಟೂರಿನ ಕೌಂಟಿಯಲ್ಲೇ ಶುರುವಾಯಿತು. ಈಗ ದೇಶದಲ್ಲಿ ಸುಮಾರು 3,000 ಇವೆ. ನಮ್ಮ ಕಡೆ ದಂಡ ಹಾಕುವ ಅಧಿಕಾರ ಇವರಿಗಿಲ್ಲ. ಹೊಳೆ ದಂಡೆಗೆ ಗಿಡ ಹಾಕೋಣ, ದನ ನೀರಿಗಿಳಿಯದಂತೆ ಬೇಲಿ ಕಟ್ಟೋಣ, ಖರ್ಚಿನಲ್ಲಿ ಪಾಲು ನಮ್ಮದು ಅಂತ ರೈತರನ್ನು ಒಪ್ಪಿಸಬೇಕು. ನನಗೆ ಈ ಕ್ರಮ ತುಂಬಾ ಇಷ್ಟ. ಹಿರಿಯೂರಿನ ಕಡೆ ನಮ್ಮ ತಾತ ಬದು ಹಾಕಿದ್ದು ಯಾರೋ ಹೆದರಿಸಿದ್ದಕ್ಕಲ್ಲ, ಪಕ್ಕದ ಹೊಲದವರು ಹಾಕಿ ಬೆಳೆ ಉಳಿಸಿಕೊಂಡಿದ್ದನ್ನು ನೋಡಿ.

ಆದರೆ ಆ ಮಂಡಳಿಗೆ ಯಾರು ಬರುತ್ತಾರೆ? ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಐದು ಜನ. ಮೂವರನ್ನು ಜನ ಆರಿಸುತ್ತಾರೆ, ಇಬ್ಬರನ್ನು ರಾಜ್ಯದ ಕನ್ಸರ್ವೇಶನ್ ಕಮಿಷನ್ ನೇಮಿಸುತ್ತದೆ. ಮೂರು ವರ್ಷದ ಅವಧಿ. ಚುನಾವಣೆ ನವೆಂಬರ್‌ನಲ್ಲಿ ಎಲ್ಲದರ ಜೊತೆ ನಡೆಯೋದಿಲ್ಲ, ವರ್ಷದ ಮೊದಲ ಮೂರು ತಿಂಗಳಲ್ಲಿ ಬೇರೆಯಾಗಿ ನಡೆಯುತ್ತದೆ. ಬೇರೆ ಚುನಾವಣೆಗಳ ಹಾಗೆ ಮತಪತ್ರ ಮನೆ ಬಾಗಿಲಿಗೆ ಬರೋದಿಲ್ಲ, ನಾವೇ ತಿಳಿದುಕೊಂಡು ಹಾಕಬೇಕು. ಆನ್‌ಲೈನ್‌ನಲ್ಲೂ ಹಾಕಬಹುದು, ಕೆಲವೇ ನಿಮಿಷದ ಕೆಲಸ. ಆದರೂ ಎಷ್ಟೋ ವರ್ಷ ಕಿಂಗ್ ಕೌಂಟಿಯಲ್ಲಿ 100 ಮತದಾರರಲ್ಲಿ ಒಬ್ಬರೂ ಓಟು ಹಾಕಿಲ್ಲ. ಡಿಸ್ಟ್ರಿಕ್ಟ್‌ಗೆ ಹೋಗುವ ದುಡ್ಡು ಮಾತ್ರ ಆಸ್ತಿ ತೆರಿಗೆ ಬಿಲ್ಲಿನಲ್ಲಿ ಒಂದು ಸಣ್ಣ ಸಾಲಾಗಿ ನಮ್ಮೆಲ್ಲರ ಮನೆಗೂ ಬರುತ್ತದೆ.

ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿರುವ ಗೆಳತಿಗೆ ಫೋನ್ ಮಾಡಿದೆ. ಅಲ್ಲೂ ಮೂವರು ಚುನಾಯಿತರು, ಇಬ್ಬರು ನೇಮಕದವರು. ಆದರೆ ಹೆಸರು ನವೆಂಬರ್ ಮತಪತ್ರದಲ್ಲೇ ಇರುತ್ತದೆ. "ಹೂಂ ಕಣೇ, ನೋಡಿದೀನಿ, ಯಾರೋ ಏನೋ ಅಂತ ಒಂದು ಹೆಸರಿಗೆ ಗುರುತು ಹಾಕಿ ಬರ್ತೀನಿ" ಅಂದಳು. ಅಷ್ಟಾದರೂ ಆಗಲಿ ಅನ್ನಿಸಿತು ನನಗೆ. ಇಲ್ಲೂ ಮುಖ್ಯ ಚುನಾವಣೆಗೇ ಸೇರಿಸಿ ಅನ್ನುವ ಮಾತು ಹಲವು ಸಲ ಬಂದಿದೆ, ಖರ್ಚು ಜಾಸ್ತಿ ಅನ್ನುವ ಉತ್ತರವೂ ಬಂದಿದೆ. ಸಣ್ಣ ಡಿಸ್ಟ್ರಿಕ್ಟ್‌ಗಳಿಗೆ ಅದು ನಿಜವಾದ ಕಷ್ಟ, ತಳ್ಳಿಹಾಕುವಂಥದ್ದಲ್ಲ.

ನನಗೆ ಅದಕ್ಕಿಂತ ಚುಚ್ಚುವುದು ಸಂಬಳದ ವಿಷಯ. ಸೂಪರ್‌ವೈಸರ್‌ಗೆ ಸಂಭಾವನೆ ಇಲ್ಲ, ಪ್ರಯಾಣ ಮುಂತಾದ ಖರ್ಚು ಮಾತ್ರ ಅಂತ ನಮ್ಮ ರಾಜ್ಯದ ಕಾನೂನಿನಲ್ಲೇ ಬರೆದಿದೆ. ಅದೇ ರಾಜ್ಯದಲ್ಲಿ ಬೆಂಕಿ ಆರಿಸುವ ಫೈರ್ ಡಿಸ್ಟ್ರಿಕ್ಟ್, ನೀರು-ಒಳಚರಂಡಿ ಡಿಸ್ಟ್ರಿಕ್ಟ್‌ಗಳ ಕಮಿಷನರ್‌ಗಳು, ಅಂದರೆ ಅಲ್ಲಿನ ಮಂಡಳಿಗಳ ಸದಸ್ಯರು, ದಿನಕ್ಕೆ 100 ಡಾಲರ್‌ಗಿಂತ ಜಾಸ್ತಿ ಭತ್ಯೆ ತೆಗೆದುಕೊಳ್ಳಬಹುದು. ನೀರಿನ ಪೈಪಿಗೆ ಒಂದು ಬೆಲೆ, ಮಣ್ಣಿಗೆ ಇನ್ನೊಂದಾ? ಆ ಹಿರಿಯರು ದೊಡ್ಡ ಮನುಷ್ಯರು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಅವರಿಗೆ ಸ್ವಂತ ಜಮೀನಿದೆ, ವಯಸ್ಸಾಗಿದೆ, ಪುರುಸೊತ್ತಿದೆ. ಸಂಬಳ ಬೇಡ ಅನ್ನೋದು ಅವರ ಕೈಲಾಗುತ್ತದೆ. ಆ ಹುಡುಗಿಯ ಕೈಲಿ ಆಗೋದಿಲ್ಲ. ಗುತ್ತಿಗೆ ಮಣ್ಣಿನ ಕಷ್ಟ ಏನು, ಇವತ್ತು ಗೊಬ್ಬರ ಹಾಕಿ ಮುಂದಿನ ವರ್ಷ ಜಮೀನೇ ಕೈಬಿಟ್ಟರೆ ಏನು ಗತಿ, ಇದನ್ನು ಆ ಮೇಜಿನ ಮುಂದೆ ಹೇಳಬೇಕಾದವಳು ಅವಳು. ಸೇವೆ ಅಂದರೆ ಬಿಟ್ಟಿಯೇ ಇರಬೇಕು ಅಂತ ನಾವು ಸುಮ್ನೆ ಒಪ್ಪಿಕೊಂಡಿದ್ದೇವೆ. ಊರಿನ ಗ್ರಾಮ ಪಂಚಾಯ್ತಿ ಸದಸ್ಯರಿಗೂ ತಿಂಗಳಿಗೆ ಗೌರವಧನ ಅಂತ ಸ್ವಲ್ಪವಾದರೂ ಇದೆ. ಅದು ಸಾಲದು ಅಂತ ಅವರು ಜಗಳ ಆಡುತ್ತಾರೆ, ಆಡಲಿ, ಅದರಲ್ಲಿ ಏನು ತಪ್ಪು?

ಮಂಡಳಿಗೆ ಇದನ್ನು ತಿದ್ದುವ ಅಧಿಕಾರ ಇಲ್ಲ. ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಶಾಸಕರೇ ಮಾಡಬೇಕು. ನಮ್ಮ ಕ್ಷೇತ್ರದವರಿಗೆ ನಿನ್ನೆ ರಾತ್ರಿ ಪತ್ರ ಬರೆದೆ: ಸಭೆಗೆ ಇಷ್ಟು ಅಂತ ಭತ್ಯೆ ಕೊಡಿ, ಬೇಡದವರು ಬಿಡಲಿ. ಆ ಹುಡುಗಿ ಹೇಳಿದ ಮಾತನ್ನೂ ಹಾಗೇ ಬರೆದಿದ್ದೇನೆ, ಅವಳ ಹೆಸರು ಹಾಕಿಲ್ಲ.