ಹಳೇ ಬೆಡ್‌ಶೀಟಿನ ಕ್ರಾಸ್ ಸ್ಕರ್ಟ್: ಮೂರನೇ ಸಲಕ್ಕೆ ಅಂಚು ಸಮ ಬಂತು

ಬಂತು, ಕೊನೆಗೂ ಸಮ ಬಂತು! ನಿನ್ನೆ ರಾತ್ರಿ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಸ್ಕೇಲನ್ನು ನೆಟ್ಟಗೆ ಹಿಡಿದು ಸ್ಕರ್ಟಿನ ಸುತ್ತಲೂ 16 ಕಡೆ ಅಳೆದೆ. 15 ಕಡೆ ಒಂದೇ ಅಳತೆ. ಝಿಪ್ಪಿನ ಕೆಳಗೆ ಮಾತ್ರ 3 ಮಿ.ಮೀ. ಹೆಚ್ಚು ಕಡಿಮೆ. ಅದೂ ಒಂದು ಸಲ ಒಗೆದು, ಎರಡು ದಿನ ನೇತುಹಾಕಿದ ಮೇಲೆ. ಕ್ರಾಸ್ ಅಂದರೆ ಬಟ್ಟೆಯನ್ನು ಎಳೆಗಳಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸುವುದು. ಹಾಗೆ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ, ನೇತುಹಾಕಿದರೆ ಇಳಿಯುತ್ತದೆ. ಎರಡು ತಿಂಗಳಿಂದ ಈ ಒಂದು ಅಂಚಿನ ಹಿಂದೆ ಬಿದ್ದಿದ್ದೆ. ಅದಕ್ಕೇ ಇವತ್ತು ಪೂರ್ತಿ ಅದರ ಬಗ್ಗೆಯೇ ಬರೆಯುತ್ತೇನೆ. ಸೊಂಟದ ಪಟ್ಟಿ, ಅಳತೆ ತೆಗೆಯುವುದು, ಇಸ್ತ್ರಿ ಎಲ್ಲ ನಿಮಗೆ ಗೊತ್ತಿರುವುದೇ.

ನನ್ನ ಹತ್ತಿರ ಒಂದೇ ಥರದ ನಾಲ್ಕು ಸಿಂಗಲ್ ಬೆಡ್‌ಶೀಟ್ ಇದ್ದವು. ಅಪ್ಪಟ ಹತ್ತಿ. ತಿಳಿ ನೀಲಿ ಚೌಕುಳಿ ಪ್ರಿಂಟ್. ವರ್ಷಗಟ್ಟಲೆ ಒಗೆದು ಒಗೆದು ಬೆಣ್ಣೆಯ ಹಾಗೆ ಮೆತ್ತಗಾಗಿದ್ದವು. ಹೊಸ ಹತ್ತಿ ಬಟ್ಟೆಯಲ್ಲಿ ಕ್ರಾಸ್ ಸ್ಕರ್ಟ್ ಹೊಲಿದರೆ ಮೊದಲ ಕೆಲವು ತಿಂಗಳು ಬಿರುಸಾಗಿ ನಿಂತುಕೊಳ್ಳುತ್ತದೆ. ಹಳೆಯದು ಹಾಗಲ್ಲ, ತೊಟ್ಟ ಕೂಡಲೇ ಮೈಗೆ ಒಗ್ಗಿ ಇಳಿಯುತ್ತದೆ. ಈ ಇಳಿತಕ್ಕಾಗಿಯೇ ನಾನು ಹಳೇ ಬೆಡ್‌ಶೀಟನ್ನು ಎಸೆಯುವುದಿಲ್ಲ.

ಮೊದಲನೆಯದು ಹಾಳಾದ ಕಥೆ ಚಿಕ್ಕದು. ಪಕ್ಕದ ಹೊಲಿಗೆಯನ್ನು ಎಂದಿನಂತೆ ನೇರ ಹೊಲಿಗೆಯಲ್ಲೇ ಹಾಕಿದೆ. ತೊಟ್ಟು ಕೂತಾಗ ಪಟ್ ಅಂತ ಎರಡು ಕಡೆ ಬಿಟ್ಟಿತು. ಬಿಡದ ಕಡೆ ಅಲೆ ಅಲೆ. ಕಾರಣ ಎರಡು. ಬಟ್ಟೆ ಎಳೆದರೆ ಬರುತ್ತದೆ, ದಾರ ಬರುವುದಿಲ್ಲ. ಅದಕ್ಕೇ ಹೊಲಿಗೆ ಬಿಟ್ಟದ್ದು. ಇನ್ನು ಮಿಷನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತದೆ, ಪಾದ ಮೇಲಿನದನ್ನು ಒತ್ತಿ ಹಿಡಿಯುತ್ತದೆ. ಕ್ರಾಸ್ ಬಟ್ಟೆ ಆ ಎಳೆದಾಟದಲ್ಲಿ ಹಿಗ್ಗಿ, ಹಿಗ್ಗಿದ ಹಾಗೆಯೇ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಪಾದದ ಒತ್ತಡ ಕಡಿಮೆ ಮಾಡಿ, ಕೆಳಗೆ ತೆಳು ಕಾಗದ ಇಟ್ಟು, 0.5 ಮಿ.ಮೀ. ಅಗಲ 2.5 ಮಿ.ಮೀ. ಉದ್ದದ ಸಣ್ಣ ಜಿಗ್‌ಜಾಗ್ ಹಾಕಿದರೆ ಎರಡೂ ಸರಿಹೋಗುತ್ತವೆ. ಜಿಗ್‌ಜಾಗ್ ಇಲ್ಲದ ಮಿಷನ್ ಆದರೆ ಹೊಲಿಗೆಯ ಉದ್ದವನ್ನು 2ಕ್ಕೆ ಇಳಿಸಿ. ಚಿಕ್ಕ ಹೊಲಿಗೆಯಲ್ಲಿ ದಾರ ಜಾಸ್ತಿ ಕೂರುತ್ತದೆ, ಸ್ವಲ್ಪ ಎಳೆತ ತಡೆಯುತ್ತದೆ.

ಇಲ್ಲೇ ಸೂಜಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಇನ್ನೂ ಸಿಟ್ಟು ಇಳಿದಿಲ್ಲ. ಸವೆದ ಬಟ್ಟೆಗೆ ಅಂತಲೇ 70/10 ಅಳತೆಯ ತೆಳು ಸೂಜಿ ತರಿಸಿದ್ದೆ. ಹೊಲಿಗೆಯ ಉದ್ದಕ್ಕೂ ಸಾಲು ತೂತು ಬೀಳತೊಡಗಿತು. ದಾರ ಬದಲಿಸಿದೆ, ಟೆನ್ಷನ್ ಬದಲಿಸಿದೆ, ಇಡೀ ಒಂದು ಸಂಜೆ ಹೋಯಿತು. ಕೊನೆಗೆ ಭೂತಗನ್ನಡಿ ಹಿಡಿದು ಸೂಜಿಯ ಬುಡ ನೋಡಿದರೆ ಅದರ ಮೇಲೆ 90 ಅಂತ ಕೊರೆದಿದೆ! ಪ್ಯಾಕೆಟ್ಟಿನ ಮೇಲೆ 70, ಒಳಗೆ 90. ಅಂದರೆ 0.7 ಮಿ.ಮೀ. ಇರಬೇಕಾದ ಕಡೆ 0.9 ಮಿ.ಮೀ. ಹೊಸ ಬಟ್ಟೆಯಾದರೆ ಎಳೆಗಳು ಅತ್ತಿತ್ತ ಸರಿದು ಜಾಗ ಕೊಡುತ್ತವೆ. ಸವೆದ ಎಳೆ ಸರಿಯುವುದಿಲ್ಲ, ಕಡಿಯುತ್ತದೆ. ಮಾರಿದವರಿಗೆ ಬರೆದೆ. ವಾಪಸ್ ತೆಗೆದುಕೊಳ್ಳುತ್ತೇವೆ, ಆದರೆ ಪ್ಯಾಕೆಟ್ ಒಡೆದಿರಬಾರದು ಅಂದರು. ಒಡೆಯದೆ ಒಳಗಿನ ಸೂಜಿ ನೋಡುವುದು ಹೇಗೆ? ಈಗ ಪ್ರತಿ ಸೂಜಿಯ ಬುಡ ನೋಡಿಯೇ ಮಿಷನ್ನಿಗೆ ಹಾಕುತ್ತೇನೆ.

ಎರಡನೇ ಸ್ಕರ್ಟಿಗೆ ಇದೆಲ್ಲ ತಿದ್ದಿಕೊಂಡೆ. ಹೊಲಿಗೆ ಚೆನ್ನಾಗಿ ಕೂತಿತು. 48 ಗಂಟೆ ನೇತುಹಾಕಿ, ಇಳಿದಷ್ಟನ್ನು ಕತ್ತರಿಸಿ ಅಂಚು ಮಡಚಿದೆ. ಮಗಳು ಹಾಕಿಕೊಂಡು ಕುಣಿದಳು. ಆಮೇಲೆ ಒಗೆದೆ. ಒಣಗಿದ ಮೇಲೆ ನೋಡಿದರೆ ಬಲಗಡೆಗಿಂತ ಎಡಗಡೆ 4 ಸೆಂ.ಮೀ. ಕೆಳಗೆ! ಪಕ್ಕದ ಹೊಲಿಗೆ ಬೇರೆ ತಿರುಗಿ ಮುಂದಕ್ಕೆ ಬಂದಿತ್ತು. ಮತ್ತೆ ಅಂಚು ಬಿಚ್ಚಿ, ಸಮ ಮಾಡಿ, ಮಡಚಿದೆ. ಮತ್ತೆ ಒಗೆದಾಗ ಮತ್ತೆ ಎಡಗಡೆಯೇ ಇಳಿಯಿತು. ಎರಡೂ ಕಡೆ ಇಳಿದಿದ್ದರೆ ಅರ್ಥವಾಗುತ್ತಿತ್ತು. ಒಂದೇ ಕಡೆ ಯಾಕೆ? ಅದನ್ನು ಒಂದು ಚೀಲಕ್ಕೆ ತುರುಕಿ ಮೂರು ವಾರ ಮುಟ್ಟಲಿಲ್ಲ.

ಆ ಮೂರು ವಾರದಲ್ಲಿ ಹುಟ್ಟಿದ್ದು ಇನ್ನೊಂದು ಆಸೆ. ರಜಾಯಿ ಕವರಿನ ಬಾಯಿಗೆ ಗುಂಡಿ, ಕಾಜ ಎಲ್ಲ ಇರುತ್ತದಲ್ವಾ? ಆ ಗುಂಡಿಪಟ್ಟಿಯನ್ನೇ ಶರ್ಟಿನ ಎದೆಗೆ ತಂದುಕೊಂಡರೆ ಕಾಜ ಹೊಲಿಯುವ ಕೆಲಸವೇ ಇಲ್ಲ. ಅಳೆದು ನೋಡಿದೆ. ಗುಂಡಿಗಳ ನಡುವೆ 20 ಸೆಂ.ಮೀ. ಇದೆ, ಶರ್ಟಿಗೆ ಅದರ ಅರ್ಧಕ್ಕಿಂತ ಕಡಿಮೆ ಬೇಕು. ನಡುನಡುವೆ ಟಿಚ್ ಬಟನ್ ಕೊಡಬಹುದು ಅನ್ನಿಸಿದೆ. ಕಾಗದದ ಮೇಲೆ ಕಟಿಂಗ್ ಬರೆದಿಟ್ಟಿದ್ದೇನೆ. ಅದು ಆಮೇಲೆ.

ಸ್ಕರ್ಟಿಗೆ ವಾಪಸ್ ಬರುತ್ತೇನೆ. ಒಂದು ಬೆಳಿಗ್ಗೆ ಮೂರನೇ ಬೆಡ್‌ಶೀಟನ್ನು ಒಗೆದು ಕಿಟಕಿಗೆ ಅಡ್ಡಲಾಗಿ ಒಣಹಾಕಿದ್ದೆ. ಹಿಂದಿನಿಂದ ಬಿಸಿಲು ಬಿತ್ತು. ಶೀಟಿನ ನಡುವೆ ಮಲಗಿದವರ ಭುಜದಿಂದ ಸೊಂಟದವರೆಗಿನ ಜಾಗ ಬೇರೆಯಾಗಿಯೇ ಹೊಳೆಯಿತು. ಅಷ್ಟು ತೆಳ್ಳಗಾಗಿತ್ತು. ಕೈಯಲ್ಲಿ ಮುಟ್ಟಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಕಾಲಿನ ಕಡೆ ಮಾತ್ರ ಹೆಚ್ಚು ಕಡಿಮೆ ಹೊಸದರ ಹಾಗೆ ಗಟ್ಟಿ. ನಾನು ಎರಡೂ ಸಲ ಸ್ಕರ್ಟಿನ ದೊಡ್ಡ ಭಾಗಗಳನ್ನು ಈ ನಡುವಿನ ಜಾಗದ ಮೇಲೆಯೇ ಹಾಸಿ ಕತ್ತರಿಸಿದ್ದೆ.

ಅನುಮಾನ ಬಂದ ಮೇಲೆ ಎಲ್ಲವನ್ನೂ ನೋಡಿಬಿಡೋಣ ಅಂತ ಅಡ್ಡಕ್ಕೆ ಒಂದು ಎಳೆ ಎಳೆದೆ. ಎಳೆ ಬಂದ ಗೆರೆ ಪ್ರಿಂಟಿನ ಅಡ್ಡಗೆರೆಯ ಜೊತೆ ಹೋಗಲೇ ಇಲ್ಲ. 150 ಸೆಂ.ಮೀ. ಅಗಲಕ್ಕೆ 6 ಸೆಂ.ಮೀ. ಓರೆ. ಅಂದರೆ ಹಾಸು (ಉದ್ದದ ಎಳೆ) ನೇರ ಇದೆ, ಹೊಕ್ಕು (ಅಡ್ಡ ಎಳೆ) ಸೊಟ್ಟ. ಇವೆರಡರ ನಡುವಿನ ಕೋನ 90 ಡಿಗ್ರಿ ಇಲ್ಲವೇ ಇಲ್ಲ. ನಾನು ಚೌಕುಳಿಯ ಮೂಲೆಯಿಂದ ಮೂಲೆಗೆ ಗೆರೆ ಎಳೆದು 45 ಡಿಗ್ರಿ ಅಂದುಕೊಂಡಿದ್ದೆ. ಪ್ರಿಂಟಿಗೆ ಅದು 45. ಬಟ್ಟೆಗೆ ಅಲ್ಲ. ನೇಯ್ದ ಚೌಕುಳಿಯಾಗಿದ್ದರೆ ಗೆರೆಯೇ ಎಳೆಯಾಗಿರುತ್ತಿತ್ತು. ಪ್ರಿಂಟನ್ನು ನಂಬಬಾರದು. ಎಳೆಯನ್ನೇ ಕೇಳಬೇಕು.

ಇಷ್ಟಾದರೂ ಎಡಗಡೆಯ ಪ್ರಶ್ನೆ ಉಳಿದೇ ಇತ್ತು. 4 ಸೆಂ.ಮೀ. ಇಳಿಯಲು 6 ಸೆಂ.ಮೀ. ಓರೆ ಸಾಲದು ಅನ್ನಿಸಿತು. ಆಗ ಮಾಡಿದ ಕೆಲಸದಿಂದಲೇ ದಾರಿ ಸಿಕ್ಕಿದ್ದು. ಬೇರೆ ಬೇರೆ ದಿಕ್ಕಿನಲ್ಲಿ 30 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ, ಪ್ರತಿಯೊಂದಕ್ಕೂ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ಒಂದು ರಾತ್ರಿ ನೇತುಹಾಕಿದೆ. ಬೆಳಿಗ್ಗೆ ಅಳೆದೆ. ಹಾಸಿನ ದಿಕ್ಕಿನದು ಬೆಳೆದೇ ಇಲ್ಲ ಅನ್ನಬಹುದು. ಹೊಕ್ಕಿನದು ಅರ್ಧ ಸೆಂ.ಮೀ. ಬೆಳೆದಿತ್ತು. ಸರಿಯಾದ ಕ್ರಾಸ್ 33 ಆಗಿತ್ತು. ಅದೇ ಕ್ರಾಸ್, ಸವೆದ ನಡುಭಾಗದ್ದು, 34 ದಾಟಿತ್ತು. ನನ್ನ ಕಣ್ಣು ತೆರೆಸಿದ್ದು ಇನ್ನೆರಡು ಪಟ್ಟಿ. ಕ್ರಾಸಿನಿಂದ ಸ್ವಲ್ಪ ಹಾಸಿನ ಕಡೆಗೆ ವಾಲಿಸಿ ಕತ್ತರಿಸಿದ್ದು 31.5. ಅಷ್ಟೇ ಹೊಕ್ಕಿನ ಕಡೆಗೆ ವಾಲಿಸಿದ್ದು 32.5. ಒಂದೇ ಬಟ್ಟೆ, ಒಂದೇ ಭಾರ, ಒಂದೇ ವಾಲು!

ಈಗ ಸ್ಕರ್ಟಿನ ಮುಂಭಾಗವನ್ನು ಕಣ್ಣಮುಂದೆ ತಂದುಕೊಳ್ಳಿ. ಒಂದೇ ತುಂಡು, ನಟ್ಟ ನಡುವಿನ ಗೆರೆ ಕ್ರಾಸ್. ಕೆಳಗೆ ಘೇರು ಇರುವುದರಿಂದ ಪಕ್ಕದ ಎರಡು ಹೊಲಿಗೆಗಳು ನಡುಗೆರೆಯಿಂದ ಆಚೆ ಈಚೆ ವಾಲುತ್ತವೆ. ಒಂದು ಪಕ್ಕ ಹಾಸಿನ ದಿಕ್ಕಿಗೆ ಹತ್ತಿರವಾದರೆ ಇನ್ನೊಂದು ಪಕ್ಕ ಹೊಕ್ಕಿನ ದಿಕ್ಕಿಗೆ ಹತ್ತಿರ. ಹಾಸಿನ ಪಕ್ಕ ಬಿಗಿಯಾಗಿ ನಿಂತಿತು, ಹೊಕ್ಕಿನ ಪಕ್ಕ ಇಳಿಯಿತು. ಎಡಗಡೆಯ ಗುಟ್ಟು ಇಷ್ಟೇ. ನಾನು ಎಷ್ಟು ಸಲ ಅಂಚು ಕತ್ತರಿಸಿದರೂ ಅದು ಇಳಿಯುತ್ತಲೇ ಇರುತ್ತಿತ್ತು.

ಕ್ರಾಸ್ ಕಟಿಂಗ್ ಅಂದ ಕೂಡಲೇ ನೆನಪಾಗುವವರು ಫ್ರೆಂಚ್ ವಸ್ತ್ರವಿನ್ಯಾಸಕಿ ಮದ್ಲೆನ್ ವಿಯೊನೆ. 1876ರಲ್ಲಿ ಹುಟ್ಟಿದವರು, 1912ರಲ್ಲಿ ಪ್ಯಾರಿಸಿನಲ್ಲಿ ಸ್ವಂತ ಅಂಗಡಿ ತೆರೆದವರು. ಕ್ರಾಸ್ ಬಟ್ಟೆಯ ಉಡುಪನ್ನು ಒಂದು ಕಲೆಯಾಗಿ ಬೆಳೆಸಿದರು. ಮೊದಲು ಪುಟ್ಟ ಮರದ ಗೊಂಬೆಯ ಮೇಲೆ ಬಟ್ಟೆ ಹೊದಿಸಿ ನೋಡುತ್ತಿದ್ದರಂತೆ. ತಮಗೆ ಬೇಕಾದಷ್ಟು ಅಗಲದ ಬಟ್ಟೆಯನ್ನು ಬೇರೆಯಾಗಿ ನೇಯಿಸಿಕೊಳ್ಳುತ್ತಿದ್ದರು. ನಮಗೆ ಆ ಅಗಲ ಎಲ್ಲಿ ಬರಬೇಕು? ಆದರೆ ಗೊಂಬೆಯ ಉಪಾಯ ನಮ್ಮ ಕೈಗೂ ಬರುವಂಥದ್ದು. ಚಿಂದಿ ತುಂಡುಗಳಲ್ಲಿ ನಾಲ್ಕನೇ ಒಂದು ಅಳತೆಯ ಪುಟ್ಟ ಸ್ಕರ್ಟ್ ಮಾಡಿ ಅದೇ ನೀರಿನ ಬಾಟಲಿಗೆ ತೊಡಿಸಿದೆ. ಒಂದನ್ನು ಎರಡೇ ತುಂಡಿನಲ್ಲಿ, ಇನ್ನೊಂದನ್ನು ನಾಲ್ಕು ತುಂಡಿನಲ್ಲಿ. ನೀರು ಚಿಮುಕಿಸಿ ಇಟ್ಟೆ. ಮರುದಿನ ಎರಡು ತುಂಡಿನದು ವಾಲಿತ್ತು. ನಾಲ್ಕು ತುಂಡಿನದು ನೆಟ್ಟಗಿತ್ತು. ಬೆಳಿಗ್ಗೆ ಆರಕ್ಕೇ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ನಾಲ್ಕು ತುಂಡು ಅಂದರೆ ಮುಂದೆ ಎರಡು, ಹಿಂದೆ ಎರಡು, ನಡುವೆ ಒಂದೊಂದು ಹೊಲಿಗೆ. ಮುಖ್ಯ ವಿಷಯ, ಬಲ ಎಡ ಕನ್ನಡಿಯಲ್ಲಿ ಕಂಡ ಹಾಗೆ ಇರಬೇಕು. ಬಲದ ತುಂಡಿನ ಹಾಸು ಬಲ ಪಕ್ಕಕ್ಕೆ ಇಳಿದರೆ ಎಡದ ತುಂಡಿನದು ಎಡ ಪಕ್ಕಕ್ಕೆ ಇಳಿಯಬೇಕು. ಆಗ ಎರಡು ಪಕ್ಕವೂ ಒಂದೇ ಥರ ಇಳಿಯುತ್ತವೆ. ಇನ್ನೊಂದು ಲಾಭವೂ ಆಯಿತು. ತುಂಡು ಚಿಕ್ಕದಾದ್ದರಿಂದ ಸವೆದ ನಡುಭಾಗದ ಗೊಡವೆಯೇ ಬೇಕಾಗಲಿಲ್ಲ. ಉಳಿದಿದ್ದ ಎರಡು ಶೀಟುಗಳಲ್ಲಿ ಕಾಲಿನ ಕಡೆಯ ಸುಮಾರು 90 ಸೆಂ.ಮೀ. ಗಟ್ಟಿ ಇತ್ತು. ಒಂದೊಂದರಲ್ಲಿ ಎರಡು ತುಂಡು ಕಷ್ಟಪಟ್ಟು ಕೂತವು.

ಕತ್ತರಿಸುವ ಮೊದಲು ಹೊಕ್ಕಿನ ಸೊಟ್ಟ ತೆಗೆಯಬೇಕಿತ್ತು. ಬಟ್ಟೆ ಒದ್ದೆ ಮಾಡಿ, ಎದುರುಬದುರು ಮೂಲೆಗಳಲ್ಲಿ ಯಾವ ಜೋಡಿಯ ನಡುವಿನ ಅಳತೆ ಕಡಿಮೆ ಇದೆಯೋ ಆ ಎರಡನ್ನು ಹಿಡಿದು ನಾನೂ ಮಗಳೂ ಎಳೆದೆವು. ಮೂರು ಸಲ ಎಳೆದ ಮೇಲೆ ಎಳೆ ನೇರಕ್ಕೆ ಬಂತು. ಅಪ್ಪಟ ಹತ್ತಿ ಆದ್ದರಿಂದ ಬಂತು. ಸುಕ್ಕಾಗದ ಹಾಗೆ ರಾಳ ಕೊಟ್ಟ ಪಾಲಿಕಾಟನ್ ಶೀಟ್ ಆಗಿದ್ದರೆ ಎಳೆಗಳು ಸೊಟ್ಟಗಿದ್ದ ಹಾಗೆಯೇ ಕೂತುಬಿಟ್ಟಿರುತ್ತವೆ, ಎಷ್ಟು ಎಳೆದರೂ ವಾಪಸ್ ಹೋಗುತ್ತವೆ. ಅಂಥದ್ದರಲ್ಲಿ ಕ್ರಾಸ್ ಸ್ಕರ್ಟ್ ಬೇಡ, ಚೀಲವೋ ಏಪ್ರನ್ನೋ ಮಾಡಿ.

ಒಂದು ಎಚ್ಚರಿಕೆ. ಒಗೆದು ಬಣ್ಣ ಹೋದ ಶೀಟಿನಲ್ಲಿ ಒಳಮೈ ಹೊರಮೈ ಒಂದೇ ಥರ ಕಾಣುತ್ತವೆ. ಮೂರನೇ ತುಂಡನ್ನು ಮಗುಚಿ ಹಾಸಿ ಇನ್ನೇನು ಕತ್ತರಿ ಇಡಬೇಕು, ಆಗ ಗೊತ್ತಾಯಿತು. ಅದಾದ ಮೇಲೆ ಪ್ರತಿ ತುಂಡಿನ ಹೊರಮೈ ಮೇಲೆ ಸೀಮೆಸುಣ್ಣದಲ್ಲಿ ಹಾಸಿನ ದಿಕ್ಕಿಗೆ ಬಾಣ ಬರೆದೆ.

ಹೊಲಿಗೆಗೆ ಪಕ್ಕದಲ್ಲಿ 2.5 ಸೆಂ.ಮೀ. ಬಿಟ್ಟಿದ್ದೆ. ಕ್ರಾಸ್ ಬಟ್ಟೆ ಉದ್ದಕ್ಕೆ ಬೆಳೆದಷ್ಟೂ ಅಗಲದಲ್ಲಿ ಕುಗ್ಗುತ್ತದೆ. ಹಾಸು ಹೊಕ್ಕಿನ ಪುಟ್ಟ ಪುಟ್ಟ ಚೌಕಗಳು ಕತ್ತರಿಯ ಹಾಗೆ ಮಡಚಿ ಉದ್ದವಾಗುತ್ತವೆ, ಅಷ್ಟೇ. ಹೊಲಿಯುವ ಮೊದಲೇ ನಾಲ್ಕೂ ತುಂಡುಗಳಿಗೆ ನೀರು ಚಿಮುಕಿಸಿ ಎರಡು ದಿನ ನೇತುಹಾಕಿದೆ. ಪೇಪರ್ ಕಟಿಂಗ್ ಮತ್ತೆ ಮೇಲಿಟ್ಟು ನೋಡಿದರೆ ಉದ್ದ 3 ಸೆಂ.ಮೀ. ಬೆಳೆದಿತ್ತು, ಅಗಲ ಒಂದೂವರೆ ಕಡಿಮೆಯಾಗಿತ್ತು. ನಾಲ್ಕೂ ತುಂಡು ಒಂದೇ ಥರ! ಸರಿಯಾಗಿ ಕತ್ತರಿಸಿಕೊಂಡು ಹೊಲಿದೆ. ಹೊಲಿದ ಮೇಲೆ ಒಗೆದು ಇನ್ನೆರಡು ದಿನ ನೇತುಹಾಕಿ, ಆಮೇಲೆ ಮಾತ್ರ ಅಂಚಿಗೆ ಕೈ ಹಾಕಿದೆ. ನೆಲದಿಂದ ಅಳೆದು ಗುರುತು ಮಾಡಿ, 6 ಮಿ.ಮೀ. ಎರಡು ಮಡಿಕೆ. ಘೇರಿನ ಅಂಚಿಗೆ ಅಗಲ ಮಡಿಕೆ ಕೂರುವುದಿಲ್ಲ.

ಝಿಪ್ಪಿನ ಜಾಗ ಹಿಗ್ಗಬಾರದು. ಅದಕ್ಕೆ ಅಂಟಿನ ಪಟ್ಟಿ ಹುಡುಕುವ ಬದಲು ಅದೇ ಶೀಟಿನ ನೇಯ್ಗೆಯ ಅಂಚನ್ನು 1 ಸೆಂ.ಮೀ. ಅಗಲಕ್ಕೆ ಕತ್ತರಿಸಿ ಒಳಗೆ ಇಟ್ಟು ಹೊಲಿದೆ. ತೆಳ್ಳಗಿರುತ್ತದೆ, ಬಣ್ಣ ಹೊಂದುತ್ತದೆ, ಜಪ್ಪಯ್ಯ ಅಂದರೂ ಹಿಗ್ಗುವುದಿಲ್ಲ. ಝಿಪ್ ಮಾತ್ರ ಕೈಕೊಟ್ಟಿತು. 20 ಸೆಂ.ಮೀ. ಕೇಳಿದ್ದೆ, 18 ಬಂತು. ಕೆಳಗಿನ 3 ಮಿ.ಮೀ. ವ್ಯತ್ಯಾಸ ಅಲ್ಲಿಯದೇ. ಉಳಿದ 2 ಸೆಂ.ಮೀ. ಕೈಹೊಲಿಗೆ ಹಾಕಿ ಮುಚ್ಚುವಾಗ ಎಳೆದುಬಿಟ್ಟಿದ್ದೇನೆ. ಬಿಚ್ಚಿ ಸರಿಮಾಡುತ್ತೇನೆ.

ಹಾಳಾದ ಮೊದಲ ಸ್ಕರ್ಟು ಈಗ ಒಂಬತ್ತು ಮೀಟರ್ ಕ್ರಾಸ್ ಪಟ್ಟಿಯಾಗಿ ರಟ್ಟಿಗೆ ಸುತ್ತಿಕೊಂಡು ಕೂತಿದೆ. ಎರಡನೆಯದರ ಗಟ್ಟಿ ಭಾಗದಿಂದ ಜೇಬಿನ ಚೀಲ ಆದವು. ಕ್ರಾಸ್ ಪಟ್ಟಿ ಎಲ್ಲ ಮುಂದಿನ ಕೆಲಸಕ್ಕೆ ಬೇಕು. ಲಿನನ್ ಟೇಬಲ್ ಕ್ಲಾತ್ ಒಂದಿದೆ, ನಡುವೆ ದೊಡ್ಡ ಕಲೆ, ನಾಲ್ಕು ಮೂಲೆಗೂ ಕೈಕಸೂತಿ. ಅದನ್ನು ಅಸ್ತರಿಲ್ಲದ ಜಾಕೆಟ್ ಮಾಡಬೇಕು. ಎರಡು ಮೂಲೆ ಮುಂಭಾಗದ ಕೆಳಗೆ, ಒಂದು ಬೆನ್ನಿಗೆ. ಒಳಗಿನ ಹೊಲಿಗೆಗೆಲ್ಲ ನೀಲಿ ಕ್ರಾಸ್ ಪಟ್ಟಿ ಸುತ್ತಿದರೆ ಬಿಚ್ಚಿಟ್ಟಾಗಲೂ ಚೆಂದ ಕಾಣುತ್ತದೆ. ನಾಲ್ಕನೇ ಮೂಲೆ ಎಲ್ಲಿಗೆ ಅಂತ ಇನ್ನೂ ತೋಚಿಲ್ಲ. ಮಗಳು ಟೋಪಿಗೆ ಅನ್ನುತ್ತಿದ್ದಾಳೆ.

ಇವತ್ತು ಬೆಳಿಗ್ಗೆ ಆ ಟೇಬಲ್ ಕ್ಲಾತನ್ನು ಕಿಟಕಿಗೆ ಹಿಡಿದು ಬೆಳಕಿನಲ್ಲಿ ನೋಡಿದೆ. ಮಡಿಕೆ ಬಿದ್ದ ಗೆರೆಗಳಲ್ಲಿ ಮಾತ್ರ ಸವೆದಿದೆ. ಆಮೇಲೆ ಅಡ್ಡಕ್ಕೆ ಒಂದು ಎಳೆ ಎಳೆದೆ. ಈ ಅಂಚಿನಿಂದ ಆ ಅಂಚಿನವರೆಗೆ ನೇರವಾಗಿ ಬಂತು.