ಬೆಸೆದ ದವಡೆ ಬಿಡಿಸಿದ ದಿನ

ಹೊಳಲ್ಕೆರೆ ಕಡೆಯಿಂದ ದಾವಣಗೆರೆಗೆ ಬಂದಿದ್ದ ಆ ಹುಡುಗನ ಬಾಯಿ ತೆರೆಯುತ್ತಿದ್ದುದು ಬರೀ 4 ಮಿ.ಮೀ. ಚಿಕ್ಕವನಿದ್ದಾಗ ಮೆಟ್ಟಿಲಿಂದ ಬಿದ್ದು ಗದ್ದ ಒಡೆದುಕೊಂಡಿದ್ದ. ಗದ್ದಕ್ಕೆ ಹೊಲಿಗೆ ಬಿತ್ತು, ಕಿವಿ ಮುಂದಿನ ಕೀಲನ್ನು ಯಾರೂ ನೋಡಲಿಲ್ಲ. ಗದ್ದಕ್ಕೆ ಬಿದ್ದ ಏಟು ಎಷ್ಟೋ ಸಲ ಮುರಿಯುವುದು ಆ ಕೀಲನ್ನೇ. ಅಲ್ಲಿ ಕಟ್ಟಿದ ರಕ್ತ ಎಲುಬಾಗಿ ಗಟ್ಟಿಯಾದರೆ ದವಡೆ ತಲೆಬುರುಡೆಗೆ ಬೆಸೆದುಹೋಗುತ್ತದೆ. ಆ ಬದಿ ಬೆಳೆಯದೆ ಗದ್ದ ಅತ್ತಲೇ ವಾಲುತ್ತದೆ.

ಬೆಳಿಗ್ಗೆ ಎಲ್ಲರ ಆತಂಕ ಅರಿವಳಿಕೆಯದ್ದೇ. ಬಾಯಿಂದ ಉಸಿರಿನ ನಳಿಕೆ ಇಳಿಸುವಂತಿಲ್ಲ. ಹುಡುಗ ತಾನೇ ಉಸಿರಾಡುತ್ತಿರುವಾಗಲೇ ಮೂಗಿನಿಂದ ಫೈಬರ್ ಆಪ್ಟಿಕ್ ಸ್ಕೋಪ್ (ಒಳಗಿನದನ್ನು ತೋರಿಸುವ ಬಾಗುವ ತೆಳು ದುರ್ಬೀನು) ಬಿಟ್ಟು, ಅದರ ಮೇಲೆ ನಳಿಕೆ ಜಾರಿಸಬೇಕು. ಅದು ಕೈಕೊಟ್ಟರೆಂದು ಟ್ರೇಕಿಯಾಸ್ಟಮಿ (ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವ) ಸಾಮಾನೂ ಪಕ್ಕದಲ್ಲೇ ಇತ್ತು.

ಕಿವಿ ಮುಂದೆ ಕೊಯ್ದು ಒಳಹೊಕ್ಕರೆ ಕೀಲಿನ ಗುರುತೇ ಇಲ್ಲ, ಬಿಳಿ ಎಲುಬಿನ ಒಂದೇ ಗಡ್ಡೆ. ಮೇಲೆ ಹುಬ್ಬು ಎತ್ತುವ ನರದ ಕವಲು, ಒಳಬದಿಗೆ ಮ್ಯಾಕ್ಸಿಲರಿ ರಕ್ತನಾಳ. ತಿರುಗುವ ಕೊರೆತುದಿ ಬರ್‌ನಿಂದ ಬಹುಪಾಲು ಕೊರೆದು, ಕೊನೆಯ ತೆಳು ಪದರವನ್ನು ಎಲುಬಿನ ಉಳಿ ಆಸ್ಟಿಯೋಟೋಮ್‌ನಿಂದ ಬಿರಿಸಿದ್ದು ಆ ರಕ್ತನಾಳಕ್ಕೆ ಹೆದರಿಯೇ. ದವಡೆಗೂ ತಲೆಬುರುಡೆಗೂ ನಡುವೆ 1ರಿಂದ 1.5 ಸೆಂ.ಮೀ. ಅಂತರ ಬೇಕು, ಅದೂ ಆಳದವರೆಗೆ. ಹೊರಗೆ ಅಗಲವಾಗಿ ಕಂಡು ಒಳಗೆ ಚೂರು ಎಲುಬು ಉಳಿದರೆ ಮತ್ತೆ ಬೆಸೆಯುತ್ತದೆ. ಎರಡನೇ ಸಲ ಆಪರೇಷನ್ನಿಗೆ ಬರುವವರಲ್ಲಿ ನಾವು ಕಾಣುವ ದೊಡ್ಡ ಲೋಪ ಇದೇ.

ಅದೇ ಬದಿಯ ಕರೋನಾಯ್ಡ್, ಅಂದರೆ ಅಗಿಯುವ ಸ್ನಾಯು ಅಂಟಿಕೊಳ್ಳುವ ದವಡೆಯ ಚೂಪು ತುದಿ, ತೆಗೆದೆವು. ಬಾಯಿ 35 ಮಿ.ಮೀ. ದಾಟಿತು, ದಾಟದಿದ್ದರೆ ಇನ್ನೊಂದು ಬದಿಯದ್ದನ್ನೂ ತೆಗೆಯಬೇಕಿತ್ತು. ಅಂತರಕ್ಕೆ ಟೆಂಪೊರಾಲಿಸ್ ಎಂಬ ಕಣತಲೆಯ ಸ್ನಾಯುವಿನ ಪದರ ಹೊದಿಸಿ, ಕೀಲಿನ ಜಾಗಕ್ಕೆ ಮೆದುಎಲುಬಿನ ತುದಿಯಿದ್ದ ಪಕ್ಕೆಲುಬು ಕೂರಿಸಿ ಸ್ಕ್ರೂ ಹಾಕಿದೆವು. ಮೆದುಎಲುಬು ಕೆಲವೇ ಮಿ.ಮೀ. ಇದ್ದರೆ ಸಾಕು, ಹೆಚ್ಚಾದರೆ ಅದು ಮಿತಿಮೀರಿ ಬೆಳೆದು ಗದ್ದ ಎದುರು ಬದಿಗೆ ತಿರುಗೀತು.

ಹುಡುಗ ಎದ್ದವನೇ ಮಂಡಕ್ಕಿ ಕೇಳಿದ. ಪಕ್ಕೆಲುಬು ಕೂರುವವರೆಗೆ ಗಂಜಿ, ಮೆತ್ತನೆ ಅನ್ನವೇ ಗತಿ. ಆದರೆ ಬಾಯಿ ತೆರೆಸುವ ವ್ಯಾಯಾಮ ಕೆಲವೇ ದಿನಗಳಲ್ಲಿ ಶುರುವಾಗಬೇಕು, ವರ್ಷವಾದರೂ ಬಿಡಬಾರದು. ಐಸ್‌ಕ್ಯಾಂಡಿ ಕಡ್ಡಿ ಒಂದು ಸುಮಾರು 2 ಮಿ.ಮೀ.; ಹಲ್ಲುಗಳ ನಡುವೆ ಕಡ್ಡಿಗಳ ಕಟ್ಟು ಇಟ್ಟು, ಒಂದೊಂದೇ ಹೆಚ್ಚಿಸುತ್ತಾ ಹೋಗುವುದು. ನೋವಿಗೆ ಮಗು ಅತ್ತಾಗ ಮನೆಯವರ ಕರುಳು ಚುರ್ ಎಂದು ಒಂದು ಹೊತ್ತು ಬಿಡುತ್ತಾರೆ, ಆಮೇಲೆ ಒಂದು ದಿನ. ಅಷ್ಟರಲ್ಲಿ ಬಾಯಿ ಬಿಗಿಯತೊಡಗುತ್ತದೆ. ನೋವಿನ ಔಷಧಿ ಕೊಟ್ಟು ಅರ್ಧ ಗಂಟೆ ಬಿಟ್ಟು ಮಾಡಿಸಿ ಎಂದು ಅವನ ಅಮ್ಮನಿಗೆ ತೋರಿಸಿಕೊಟ್ಟೆವು. ಎಷ್ಟು ಕಡ್ಡಿ ಹಿಡಿಯಿತೆಂದು ದಿನಾ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಎರಡು ಕಡ್ಡಿ ಕಮ್ಮಿಯಾದರೂ ಕೊಟ್ಟ ತಾರೀಖಿಗೆ ಕಾಯದೆ ಬಂದುಬಿಡಬೇಕು.